ಹುಟ್ಟಿದ ದಿನ ಯಾವುದು, ಹಬ್ಬ ಯಾರದು? ಹಳೆಯ ಓಪನ್ ಸೋರ್ಸ್ ತಂತ್ರಾಂಶಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಒಂದು, ಓಪನ್ ಸೋರ್ಸ್ (ಮೂಲ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ) ತಂತ್ರಾಂಶವೊಂದನ್ನು ಇಪ್ಪತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಸಣ್ಣ ತಂಡದ ಸದಸ್ಯರೊಬ್ಬರದು. ಅವರು ಕೇಳಿರುವ ಎರಡು ಪ್ರಶ್ನೆಗಳಿಂದಲೇ ಆರಂಭಿಸಿ, ಅದೇ ವಿಷಯಕ್ಕೆ ಹೊಂದಿಕೊಳ್ಳುವ ಇತರರ ಪ್ರಶ್ನೆಗಳನ್ನು ಜೊತೆಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾವು ಆರು ಮಂದಿ ಸೇರಿ ನಡೆಸುತ್ತಿರುವ ತಂತ್ರಾಂಶಕ್ಕೆ ಈ ವರ್ಷ 20 ತುಂಬುತ್ತದೆ. ಆದರೆ ಯಾವ ದಿನವನ್ನು ಹುಟ್ಟುಹಬ್ಬವೆಂದು ಎಣಿಸಬೇಕೆಂಬುದರಲ್ಲೇ ನಮ್ಮಲ್ಲಿ ಒಮ್ಮತವಿಲ್ಲ. ಮೊದಲ ಸಾಲು ಬರೆದ ದಿನವೇ, ಹೊರಗೆ ಹೇಳಿಕೊಂಡ ದಿನವೇ, ಮೊದಲ ಬಿಡುಗಡೆಯ ದಿನವೇ?

ಉತ್ತರ: ಈ ವ್ಯಾಜ್ಯ ನಿಮ್ಮ ಮನೆಯದು ಮಾತ್ರವಲ್ಲ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ಗೇ ಎರಡು ಹುಟ್ಟುಹಬ್ಬಗಳಿವೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ, ಆಗ 21 ವರ್ಷ ವಯಸ್ಸಿನ ಲಿನಸ್ ಟೋರ್ವಾಲ್ಡ್ಸ್, ತಾನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿಯೂ, ಅದು ಬರೀ ಹವ್ಯಾಸವೆಂದೂ, ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಹಾಗೆ ದೊಡ್ಡದಾಗುವಂಥದ್ದಲ್ಲವೆಂದೂ ಮಿನಿಕ್ಸ್ ಎಂಬ ಪುಟ್ಟ ಕಾರ್ಯಾಚರಣ ವ್ಯವಸ್ಥೆಯ ಬಳಕೆದಾರರಿಗೆ ತಿಳಿಸಿದ್ದು 1991ರ ಆಗಸ್ಟ್ 25ರಂದು. ಆ ದಿನ ಯಾರ ಕೈಗೂ ಒಂದು ಸಾಲು ಕೋಡ್ ಸಿಕ್ಕಿರಲಿಲ್ಲ. ಸುಮಾರು 10,000 ಸಾಲುಗಳ 0.01 ಆವೃತ್ತಿ ಸರ್ವರ್‌ಗೆ ಏರಿದ್ದು ಸೆಪ್ಟೆಂಬರ್ 17ರಂದು, ಅದೂ ಡಂಗುರವಿಲ್ಲದೆ. ಜನ ಹೆಚ್ಚಾಗಿ ನೆನೆಯುವುದು ಆಗಸ್ಟ್ ದಿನವನ್ನು. ಗ್ನೂ ಯೋಜನೆಯದೂ ಇದೇ ಕಥೆ: ರಿಚರ್ಡ್ ಸ್ಟಾಲ್‌ಮನ್ ಅದನ್ನು ಘೋಷಿಸಿದ್ದು 1983ರ ಸೆಪ್ಟೆಂಬರ್ 27ರಂದು, ಕೆಲಸಕ್ಕೆ ಕೂತದ್ದು 1984ರ ಜನವರಿಯಲ್ಲಿ, ಹಬ್ಬವೆಲ್ಲ ಸೆಪ್ಟೆಂಬರ್‌ನಲ್ಲಿ.

ವಂಶಾವಳಿ ಉದ್ದವಿದ್ದರೆ ಲೆಕ್ಕ ಇನ್ನೂ ಗೋಜಲಾಗುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ದತ್ತಾಂಶ ವ್ಯವಸ್ಥೆಯ ಬೇರು 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಆರಂಭಿಸಿದ ಪೋಸ್ಟ್‌ಗ್ರೆಸ್ ಸಂಶೋಧನಾ ಯೋಜನೆಯಲ್ಲಿದೆ. ಈಗಿನ ಹೆಸರು ಮತ್ತು ಈಗಿನ ಸ್ವಯಂಸೇವಕ ತಂಡ 1996ರವು; ಆದರೂ ಹಳೆಯ ಸಂಬಂಧವನ್ನು ಕಡಿದುಕೊಳ್ಳಲು ಮನಸ್ಸಿಲ್ಲದೆ ಅವರು ಆವೃತ್ತಿ ಸಂಖ್ಯೆಯನ್ನು ಒಂದರಿಂದ ಎಣಿಸದೆ 6.0 ಎಂದು ಮುಂದುವರಿಸಿದರು. ಜಾಲದಿಂದ ಕಡತಗಳನ್ನು ತರುವ ಕರ್ಲ್ ತಂತ್ರಾಂಶ ಆ ಹೆಸರಿನಲ್ಲಿ ಮೊದಲು ಬಂದದ್ದು 1998ರ ಮಾರ್ಚ್ 20ರಂದು, ಆದರೆ ಬಂದಾಗಲೇ ಅದು ನಾಲ್ಕನೆಯ ಆವೃತ್ತಿ, ಏಕೆಂದರೆ ಅದಕ್ಕೆ ಮುಂಚೆ ಬೇರೆ ಎರಡು ಹೆಸರುಗಳಲ್ಲಿ ಅದು ಬದುಕಿ ಬಂದಿತ್ತು. ಕಚೇರಿ ಕೆಲಸದ ತಂತ್ರಾಂಶವಾದ ಲಿಬ್ರೆ ಆಫೀಸ್ 2010ರ ಸೆಪ್ಟೆಂಬರ್ 28ರಂದು ಓಪನ್ ಆಫೀಸ್‌ನಿಂದ ಕವಲೊಡೆಯಿತು. ಓಪನ್ ಆಫೀಸ್‌ನ ಕೋಡ್ 2000ದಲ್ಲಿ ಸಾರ್ವಜನಿಕವಾಯಿತು. ಅದರ ಪೂರ್ವಜ ಸ್ಟಾರ್‌ರೈಟರ್ 1985ರದು. ಒಂದೇ ತಂತ್ರಾಂಶಕ್ಕೆ ಮೂರು ವಯಸ್ಸು ಹೇಳಬಹುದು, ಮೂರೂ ಸುಳ್ಳಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಕೋಡನ್ನು ಬೇರೊಬ್ಬರು ಪಡೆದು, ತಿದ್ದಿ, ಹಂಚಲು ಲೈಸೆನ್ಸ್ ಸಮೇತ ಹಕ್ಕು ದೊರೆತ ದಿನವೇ ಓಪನ್ ಸೋರ್ಸ್ ಯೋಜನೆಯ ನಿಜವಾದ ಹುಟ್ಟುಹಬ್ಬ. ಅದಕ್ಕೂ ಮುಂಚಿನದು ಒಬ್ಬರ ಡಿಸ್ಕ್‌ನಲ್ಲಿದ್ದ ಖಾಸಗಿ ಕಡತ. ಈ ಅಳತೆಯನ್ನು ಕಟ್ಟುನಿಟ್ಟಾಗಿ ಹಿಡಿದರೆ ಲಿನಕ್ಸ್‌ನ ಹುಟ್ಟು 1992ಕ್ಕೆ ಜಾರುತ್ತದೆ, ಏಕೆಂದರೆ ಅದರ ಮೊದಲ ಲೈಸೆನ್ಸ್ ಹಣ ಪಡೆದು ಹಂಚುವುದನ್ನು ನಿಷೇಧಿಸಿತ್ತು ಮತ್ತು ಹಾಗೆ ಹಂಚಲೂ ಬಿಡುವ, ಗ್ನೂ ಯೋಜನೆಯ ಜಿಪಿಎಲ್ ಲೈಸೆನ್ಸ್ ಅದಕ್ಕೆ ಬಂದದ್ದು ಆ ವರ್ಷ. ಇದನ್ನು ಲಿನಕ್ಸ್ ಅಭಿಮಾನಿಗಳ ಮುಂದೆ ಹೇಳಿ ನಾನು ಗೆಲ್ಲಲಾರೆ ಎಂಬುದು ನನಗೂ ಗೊತ್ತು. ನಿಮ್ಮ ತಂಡದಲ್ಲೂ ಸೋಲುವ ಸಂಭವವಿದ್ದರೆ ಎರಡು ದಿನಗಳನ್ನೂ ಬರೆದಿಡಿ. ದಾಖಲೆಯಲ್ಲಿ ಕಾರಣ ಸಹಿತ ಎರಡೂ ಇದ್ದರೆ ಮುಂದಿನ ಹತ್ತು ವರ್ಷ ಈ ಚರ್ಚೆ ಏಳುವುದಿಲ್ಲ.

ಪ್ರಶ್ನೆ: (ಅದೇ ಪತ್ರದಿಂದ) ಕೇಕ್, ಟೀ ಶರ್ಟ್, ವಿಶೇಷ ಲಾಂಛನ ಎಲ್ಲ ಸರಿ. ಅದಕ್ಕಿಂತ ಅರ್ಥವುಳ್ಳದ್ದು ಏನು ಮಾಡಬಹುದು?

ಉತ್ತರ: ಹೆಸರುಗಳನ್ನು ಹುಡುಕಿ. ನನಗೆ ತೋಚುವ ಅತ್ಯಂತ ಗಟ್ಟಿಯಾದ ಕೆಲಸ ಇದೇ, ಮತ್ತು ಇಪ್ಪತ್ತು ವರ್ಷಗಳಾದ ಮೇಲೆ ಇದು ಕೇಳಿದಷ್ಟು ಸುಲಭವೂ ಅಲ್ಲ.

ನಿಮ್ಮ ಕೋಡ್ ಈಗ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿದೆ ಎಂದುಕೊಳ್ಳುತ್ತೇನೆ. ಗಿಟ್ ಶಾರ್ಟ್‌ಲಾಗ್ ಎಂಬ ಆದೇಶವನ್ನು ಕೊಟ್ಟರೆ ಯಾರು ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಮಾಡಿದ್ದಾರೆ ಎಂಬ ಪಟ್ಟಿ ಕ್ಷಣದಲ್ಲಿ ಪರದೆಯ ಮೇಲೆ ಇಳಿಯುತ್ತದೆ. ಹೆಚ್ಚಿನ ತಂಡಗಳು ಆ ಪಟ್ಟಿಯನ್ನು ಹಾಗೆಯೇ ಎತ್ತಿ ಕೃತಜ್ಞತೆಯ ಪುಟದಲ್ಲಿ ಅಂಟಿಸಿ ಕೈತೊಳೆದುಕೊಳ್ಳುತ್ತವೆ. ಆದರೆ ಗಿಟ್‌ನ ಮೊದಲ ಕಮಿಟ್ ನಡೆದದ್ದೇ 2005ರ ಏಪ್ರಿಲ್ 7ರಂದು. ಅದು ಎಲ್ಲೆಡೆ ಬಳಕೆಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತಾದ್ದರಿಂದ, ನಿಮ್ಮಷ್ಟು ವಯಸ್ಸಿನ ಯೋಜನೆಗಳು ಬಹುಮಟ್ಟಿಗೆ ಸಿವಿಎಸ್ ಅಥವಾ ಸಬ್‌ವರ್ಷನ್‌ನಲ್ಲಿ ಹುಟ್ಟಿ ಆಮೇಲೆ ವಲಸೆ ಬಂದವು. ಆ ಹಳೆಯ ವ್ಯವಸ್ಥೆಗಳಲ್ಲಿ ಕೋಡನ್ನು ಒಳಸೇರಿಸಿದವರ ಹೆಸರಷ್ಟೇ ದಾಖಲಾಗುತ್ತಿತ್ತು, ಪ್ಯಾಚ್ (ತಿದ್ದುಪಡಿ) ಬರೆದು ಕಳಿಸಿದವರಿಗೆ ಪ್ರತ್ಯೇಕವಾದ ಜಾಗವಿರಲಿಲ್ಲ. ಹೀಗಾಗಿ ಹತ್ತಾರು ಜನರ ಕೆಲಸ ಇಬ್ಬರು ಮೂವರ ಖಾತೆಗೆ ಜಮೆಯಾಗಿ ಕೂತಿರುತ್ತದೆ. ಮೊದಲ ಐದು ವರ್ಷಗಳ ಕಮಿಟ್ ಟಿಪ್ಪಣಿಗಳನ್ನು ಒಂದೊಂದಾಗಿ ಓದಿ ನೋಡಿ. 'ಇಂಥವರು ಕಳಿಸಿದ ತಿದ್ದುಪಡಿ', 'ದೋಷ ತೋರಿಸಿಕೊಟ್ಟ ಇಂಥವರಿಗೆ ವಂದನೆ' ಎಂಬ ಅರ್ಧ ಸಾಲುಗಳು ಅಲ್ಲಲ್ಲಿ ಸಿಗುತ್ತವೆ. ಕೆಲವೆಡೆ ಪೂರ್ತಿ ಹೆಸರಿಲ್ಲದೆ ಅಡ್ಡಹೆಸರು ಮಾತ್ರ ಇರುತ್ತದೆ. ಒಬ್ಬರೇ ಮೂರು ಇಮೇಲ್ ವಿಳಾಸಗಳಿಂದ ಮೂವರಾಗಿ ಕಾಣಿಸಿಕೊಂಡಿರುವುದೂ ಉಂಟು. ಅದನ್ನು ಸರಿಪಡಿಸಲು ಗಿಟ್‌ನಲ್ಲಿ ಮೇಲ್‌ಮ್ಯಾಪ್ ಎಂಬ ಕಡತದ ಅನುಕೂಲವಿದೆ.

ಇನ್ನು ಕಮಿಟ್‌ಗೇ ಬಾರದ ಕೆಲಸಗಳಿವೆ. ಕೈಪಿಡಿ ತಿದ್ದಿದವರು, ಅನುವಾದ ಮಾಡಿದವರು, ಹೊಸಬರ ಪ್ರಶ್ನೆಗಳಿಗೆ ವರ್ಷಗಟ್ಟಲೆ ಬೇಸರಿಸದೆ ಉತ್ತರಿಸಿದವರು, ಸರ್ವರ್‌ನ ಬಾಡಿಗೆಯನ್ನು ತಮ್ಮ ಜೇಬಿನಿಂದ ಕಟ್ಟಿದವರು, ಇವರಾರೂ ಆ ಆದೇಶಕ್ಕೆ ಕಾಣಿಸುವುದಿಲ್ಲ. ಆರು ಮಂದಿಯ ನೆನಪನ್ನು ಒಟ್ಟಿಗೆ ಕೂತು ಕೆದಕಿದರೆ ಮಾತ್ರ ಅವರು ಸಿಗುತ್ತಾರೆ. ಪಟ್ಟಿ ಸಿದ್ಧವಾದ ಮೇಲೆ ಅದನ್ನು ಪ್ರಕಟಿಸುವ ಮುಂಚೆ ಸಂಪರ್ಕಿಸಲು ಸಾಧ್ಯವಾದವರನ್ನು ಒಪ್ಪಿಗೆ ಕೇಳಿ, ಏಕೆಂದರೆ ಹೆಸರು ಬದಲಿಸಿಕೊಂಡವರೂ ಹೆಸರು ಬೇಡವೆನ್ನುವವರೂ ಇರುತ್ತಾರೆ.

ಲಾಂಛನ ಮಾಡಿಸುವುದಕ್ಕೆ ನನ್ನ ಅಡ್ಡಿಯೇನೂ ಇಲ್ಲ. ಅದು ಎರಡನೆಯ ಕೆಲಸವಾಗಲಿ.

ಪ್ರಶ್ನೆ: ಮೊಬೈಲ್ ಆ್ಯಪ್‌ಗಳು ಎರಡು ವರ್ಷಕ್ಕೆ ಹಳತಾಗುತ್ತವೆ. ಮೂವತ್ತು, ನಲವತ್ತು ವರ್ಷಗಳ ಹಿಂದಿನ ತಂತ್ರಾಂಶವನ್ನು ಇನ್ನೂ ಬಳಸುವುದು ಹೆಮ್ಮೆಯ ವಿಷಯವೋ, ಅನಿವಾರ್ಯವೋ?

ಉತ್ತರ: ಎರಡೂ ಹೌದು, ತಂತ್ರಾಂಶ ಯಾವುದೆಂಬುದರ ಮೇಲೆ ಹೋಗುತ್ತದೆ. ಡೊನಾಲ್ಡ್ ಕ್ನೂತ್ 1978ರಲ್ಲಿ ರೂಪಿಸಿದ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ಗಣಿತದ ಬರಹಗಾರರು ಇಂದಿಗೂ ಬಳಸುತ್ತಾರೆ. ಅದರಲ್ಲಿ ದೋಷ ಕಂಡುಹಿಡಿದವರಿಗೆ ಕ್ನೂತ್ ಚೆಕ್ ಬರೆದುಕೊಡುತ್ತಿದ್ದರು; 2.56 ಡಾಲರ್‌ನಿಂದ ಆರಂಭವಾದ ಆ ಬಹುಮಾನ ವರ್ಷ ವರ್ಷ ಇಮ್ಮಡಿಯಾಗಿ 327.68 ಡಾಲರ್‌ಗೆ ನಿಂತಿತು. ಆವೃತ್ತಿ ಸಂಖ್ಯೆಯಂತೂ ಒಂದು ಚಂದದ ತಮಾಷೆ: ಪ್ರತಿ ತಿದ್ದುಪಡಿಗೂ ಪೈ ಸಂಖ್ಯೆಯ ಮುಂದಿನ ಒಂದು ಅಂಕಿ ಸೇರುತ್ತದೆ, 2021ರಲ್ಲಿ ಅದು 3.141592653ಕ್ಕೆ ಬಂದು ನಿಂತಿತು. ತಮ್ಮ ಕಾಲಾನಂತರ ಸಂಖ್ಯೆಯನ್ನು ಪೈ ಎಂದೇ ಸ್ಥಿರಗೊಳಿಸಬೇಕೆಂದೂ, ಆಗ ಉಳಿದ ದೋಷಗಳೆಲ್ಲ ಅದರ ಗುಣಗಳೆಂದು ಎಣಿಸಲ್ಪಡಬೇಕೆಂದೂ ಅವರು ಹೇಳಿಟ್ಟಿದ್ದಾರೆ. ಬದಲಾಗದಿರುವುದೇ ಅದರ ಗುರಿ, ಐವತ್ತು ವರ್ಷದ ನಂತರವೂ ಅದೇ ಕಡತದಿಂದ ಅದೇ ಪುಟ ಬರಬೇಕು. 2000ದಲ್ಲಿ ಮೊದಲು ಬಿಡುಗಡೆಯಾದ ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಾಂಶ ವ್ಯವಸ್ಥೆಯ ರಚನಕಾರರೂ 2050ರವರೆಗೆ ಅದನ್ನು ನೋಡಿಕೊಳ್ಳುವ ಉದ್ದೇಶವನ್ನು ಬರೆದು ಪ್ರಕಟಿಸಿದ್ದಾರೆ. ಅಂದ ಹಾಗೆ, ಎರಡೇ ವರ್ಷಕ್ಕೆ ಹಳತಾಗುತ್ತದೆ ಎನ್ನುವ ನಿಮ್ಮ ಮೊಬೈಲ್‌ನೊಳಗೆ ಈ ಎಸ್‌ಕ್ಯೂಲೈಟ್ ಇದೆ.

ಆದರೆ ಹಳೆಯದೆಂದ ಮಾತ್ರಕ್ಕೆ ಪಕ್ವವಾಗಿದೆ ಎಂದು ನಂಬಬೇಡಿ. ಬ್ಯಾಶ್ ಎಂಬ ಆದೇಶ ತಂತ್ರಾಂಶದಲ್ಲಿ 2014ರಲ್ಲಿ ಪತ್ತೆಯಾದ ಶೆಲ್‌ಶಾಕ್ ದೋಷ 1989ರಿಂದಲೂ ಅಲ್ಲೇ ಇತ್ತು. ಇಪ್ಪತ್ತೈದು ವರ್ಷ ಕೋಡ್ ಎಲ್ಲರ ಕಣ್ಣೆದುರು ತೆರೆದಿತ್ತು. ಆ ಜಾಗವನ್ನು ಯಾರೂ ನೋಡಿರಲಿಲ್ಲ.

ಪ್ರಶ್ನೆ: ಹದಿನೈದು ವರ್ಷವಾದರೂ 1.0 ಆವೃತ್ತಿ ಬಾರದ ಯೋಜನೆ ಇದೆಯಂತೆ, ನಿಜವೇ?

ಉತ್ತರ: ಇತ್ತು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ 1993ರಲ್ಲಿ ಆರಂಭವಾಗಿ 2008ರ ಜೂನ್‌ನಲ್ಲಿ 1.0 ತಲುಪಿತು. ಆ ಹೊತ್ತಿಗೆ ಅದನ್ನು ನೆಚ್ಚಿಕೊಂಡವರು ಬಹಳ ಮಂದಿ ಇದ್ದರು.

ಪ್ರಶ್ನೆ: ಎಲ್ಲವೂ ಉಚಿತವೆಂದ ಮೇಲೆ ಇಷ್ಟು ವರ್ಷ ಇವು ಬದುಕುವುದು ಯಾರ ಹಣದಿಂದ?

ಉತ್ತರ: ಮೊದಲು ಒಂದು ತಿದ್ದುಪಡಿ. ಓಪನ್ ಸೋರ್ಸ್ ಎಂದರೆ ಕೋಡನ್ನು ನೋಡುವ, ಬದಲಿಸುವ, ಹಂಚುವ ಹಕ್ಕು. ಬೆಲೆ ಸೊನ್ನೆಯೆಂಬುದು ಅದರ ಪರಿಣಾಮವೇ ಹೊರತು ಅರ್ಥವಲ್ಲ. ಆದರೆ 'ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ' ಎಂಬ ಮನೋಭಾವ ದೊಡ್ಡ ದೊಡ್ಡ ಉದ್ಯಮಗಳಲ್ಲೂ ಇದೆ ಎಂಬುದಕ್ಕೆ ಓಪನ್ ಎಸ್‌ಎಸ್‌ಎಲ್ ಸಾಕ್ಷಿ. ಜಾಲತಾಣಗಳ ಗೂಢಲಿಪೀಕರಣದ ಬಹುಪಾಲನ್ನು ಹೊತ್ತಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯೊಳಗೆ ನುಸುಳಿದ ಹಾರ್ಟ್‌ಬ್ಲೀಡ್ ದೋಷ 2014ರ ಏಪ್ರಿಲ್ 7ರಂದು ಬಯಲಾದ ಮೇಲೆ, ಕೋಟೆ ಸೂರೆ ಹೋದ ಬಳಿಕ ದಿಡ್ಡಿ ಬಾಗಿಲು ಹಾಕಿದಂತೆ, ಲಿನಕ್ಸ್ ಫೌಂಡೇಶನ್‌ನ ನೇತೃತ್ವದಲ್ಲಿ ಕಂಪನಿಗಳು ಒಟ್ಟಾಗಿ ಹಣ ಕೂಡಿಸಿದವು.

ಬಳಕೆದಾರರೇ ಹಣ ಹಾಕಿ ಬಿಡಿಸಿಕೊಂಡ ಉದಾಹರಣೆಯೂ ಇದೆ, ಅದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಮೂರು ಆಯಾಮದ ಚಿತ್ರಗಳನ್ನು ರಚಿಸುವ ಬ್ಲೆಂಡರ್ ಒಂದು ಕಂಪನಿಯ ಸೊತ್ತಾಗಿತ್ತು. ಕಂಪನಿ ಮುಚ್ಚಿದಾಗ ಹೂಡಿಕೆದಾರರು ಕೋಡಿಗೆ ಕೇಳಿದ ಬೆಲೆ 1,00,000 ಯೂರೋ. 2002ರಲ್ಲಿ ಅದರ ಮೂಲಕರ್ತೃ ಟೋನ್ ರೋಸೆಂಡಾಲ್ ಸಾರ್ವಜನಿಕರ ಮುಂದೆ ಕೈಚಾಚಿದರು, ಏಳು ವಾರಗಳಲ್ಲಿ ಮೊತ್ತ ತುಂಬಿತು, ಅದೇ ವರ್ಷ ಅಕ್ಟೋಬರ್ 13ರಂದು ಜಿಪಿಎಲ್ ಅಡಿಯಲ್ಲಿ ಕೋಡ್ ಹೊರಬಂತು. ನನ್ನ ಅಳತೆಯಲ್ಲಿ ಬ್ಲೆಂಡರ್‌ನ ಹುಟ್ಟುಹಬ್ಬ ಅದೇ ದಿನ.

ಪ್ರಶ್ನೆ: 2024ರಲ್ಲಿ ಯಾವುದೋ ಹಳೆಯ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಕಳ್ಳಬಾಗಿಲು ಇಟ್ಟಿದ್ದರೆಂದು ಓದಿದ್ದೆ. ಹಾಗಾದರೆ ಹಳೆಯ ಯೋಜನೆಗಳ ಮೇಲಿನ ನಂಬಿಕೆ ಎಲ್ಲಿ ಉಳಿಯಿತು?

ಉತ್ತರ: ನೀವು ಓದಿದ್ದು ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶದ ಪ್ರಕರಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಳೆಯ ಯೋಜನೆಯೊಂದು ಎಲ್ಲಿ ಸವೆಯುತ್ತದೆ ಎಂಬುದು ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಒಂದೂವರೆ ದಶಕದಷ್ಟು ಹಳೆಯದಾದ ಆ ಯೋಜನೆಯನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದ ಹವ್ಯಾಸವಾಗಿ. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಸಣ್ಣಪುಟ್ಟ, ಉಪಯುಕ್ತವಾದ ಪ್ಯಾಚ್‌ಗಳನ್ನು ಕಳಿಸತೊಡಗಿದರು. 2022ರಲ್ಲಿ, ಹಿಂದೆಂದೂ ಕಾಣದ ಕೆಲವು ಹೆಸರುಗಳಿಂದ ದೂರುಗಳು ಬರತೊಡಗಿದವು: ಬಿಡುಗಡೆ ತಡವಾಗುತ್ತಿದೆ, ಪ್ಯಾಚ್‌ಗಳು ಕೊಳೆಯುತ್ತಿವೆ, ನಿಮಗೆ ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ದಣಿದಿದ್ದ ನಿರ್ವಾಹಕರು, ಎದುರಿಗೆ ಕೆಲಸ ಮಾಡುತ್ತಿರುವ ಒಬ್ಬ ಸಹಾಯಕನಿದ್ದಾನಲ್ಲ ಎಂದು, ಹಂತಹಂತವಾಗಿ ಅಧಿಕಾರ ಹಂಚಿಕೊಂಡರು. ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆಯನ್ನು ಸಾಕಿ ಬೆಳೆಸಿದ ಆ ವ್ಯಕ್ತಿ, 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಿಡುಗಡೆಯಾದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನು ಇರಿಸಿದ. ಅದನ್ನು ಬಚ್ಚಿಟ್ಟ ರೀತಿ ನೋಡಿ: ದುಷ್ಟ ಕೋಡ್ ಪರೀಕ್ಷೆಗೆಂದು ಇಟ್ಟಿದ್ದ ಅರ್ಥವಾಗದ ಕಡತಗಳೊಳಗಿತ್ತು, ಅದನ್ನು ಎಬ್ಬಿಸುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು, ಎಲ್ಲರೂ ಓದುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಗುರಿ ಇದ್ದದ್ದು ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೇಲೆ. ಅದು ಎಕ್ಸ್‌ಝಡ್ ಅನ್ನು ನೇರವಾಗಿ ಬಳಸುವುದೇ ಇಲ್ಲ. ಕೆಲವು ಲಿನಕ್ಸ್ ವಿತರಣೆಗಳು (ಕರ್ನಲ್ ಜೊತೆ ಇತರ ತಂತ್ರಾಂಶಗಳನ್ನು ಸೇರಿಸಿ ಕಟ್ಟಿಕೊಡುವ ವ್ಯವಸ್ಥೆಗಳು) ತಮ್ಮ ಅನುಕೂಲಕ್ಕೆ ಮಾಡಿಕೊಂಡಿದ್ದ ಜೋಡಣೆಯ ಮೂಲಕ ಸುತ್ತಿ ಬಳಸಿ ಅಲ್ಲಿಗೆ ತಲುಪುತ್ತಿತ್ತು.

ಸಿಕ್ಕಿಬಿದ್ದದ್ದು ಅರ್ಧ ಸೆಕೆಂಡಿನಿಂದ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಅಭಿವೃದ್ಧಿಕಾರರಾದ ಆಂಡ್ರೆಸ್ ಫ್ರಾಯ್ಂಡ್ ಬೇರೇನನ್ನೋ ಅಳೆಯುತ್ತಿದ್ದಾಗ, ಸುಮಾರು 0.3 ಸೆಕೆಂಡಿನಲ್ಲಿ ಮುಗಿಯಬೇಕಿದ್ದ ಲಾಗಿನ್ 0.8 ಸೆಕೆಂಡ್ ತೆಗೆದುಕೊಳ್ಳುತ್ತಿರುವುದನ್ನು ಗಮನಿಸಿದರು. ಇಷ್ಟೇ ತಾನೇ ಎಂದು ಬಿಡದೆ ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಎಲ್ಲವನ್ನೂ ಬಹಿರಂಗಪಡಿಸಿದರು. ಪ್ರಮುಖ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಅದು ಆಗಿನ್ನೂ ಹಬ್ಬಿರಲಿಲ್ಲ.

ನಂಬಿಕೆಯ ಪ್ರಶ್ನೆಗೆ ನನ್ನ ಉತ್ತರ ಎರಡು ತುದಿಯದು. ಕೋಡ್ ತೆರೆದಿದ್ದುದರಿಂದಲೇ ಹೊರಗಿನ ಒಬ್ಬರಿಗೆ ಅಷ್ಟು ಆಳಕ್ಕೆ ಇಳಿದು ನೋಡಲು ಸಾಧ್ಯವಾಯಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಆ ಅರ್ಧ ಸೆಕೆಂಡ್ ಬರೀ ಗೊಣಗಾಟವಾಗಿ ಮುಗಿಯುತ್ತಿತ್ತು. ಆದರೆ ಸಾವಿರಾರು ಕಡೆ ಬಳಕೆಯಲ್ಲಿದ್ದ ತಂತ್ರಾಂಶವನ್ನು ಒಬ್ಬರ ಹೆಗಲಿಗೆ ಬಿಟ್ಟು, ಅವರು ಬಳಲಿದಾಗ ಬಂದದ್ದು ದೂರು ಮಾತ್ರ. ಹತ್ತನೆಯ ವರ್ಷವೋ ಹದಿನೈದನೆಯ ವರ್ಷವೋ ಬಂದಾಗ 'ಈಗ ಇದನ್ನು ಎಷ್ಟು ಜನ ಹೊತ್ತಿದ್ದಾರೆ, ಅವರು ಹೇಗಿದ್ದಾರೆ' ಎಂದು ಬಳಕೆದಾರ ಸಂಸ್ಥೆಗಳಲ್ಲಿ ಒಂದಾದರೂ ವಿಚಾರಿಸಿದ್ದರೆ, ಆ ಅಪರಿಚಿತನಿಗೆ ಕಾಲಿಡಲು ಅಷ್ಟು ಸುಲಭದ ಜಾಗ ಸಿಗುತ್ತಿರಲಿಲ್ಲ.

ಪ್ರಶ್ನೆ: ಆರಂಭಿಸಿದವರು ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಯೋಜನೆಯ ಗತಿಯೇನು?

ಉತ್ತರ: ಮುಂಚೆಯೇ ಯೋಚಿಸಿದ್ದರೆ ಉಳಿಯುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು 1993ರ ಆಗಸ್ಟ್ 16ರಂದು ಘೋಷಿಸಿದ ಇಯಾನ್ ಮರ್ಡಾಕ್, ತಮ್ಮ ಗೆಳತಿ ಡೆಬ್ರಾ ಹೆಸರಿನೊಂದಿಗೆ ತಮ್ಮ ಹೆಸರನ್ನು ಬೆಸೆದು ಅದಕ್ಕೆ ಹೆಸರಿಟ್ಟರು. ಮೂರೇ ವರ್ಷಗಳಲ್ಲಿ, 1996ರಲ್ಲಿ, ನಾಯಕತ್ವವನ್ನು ಬಿಟ್ಟುಕೊಟ್ಟರು. ಈಗ ಡೆಬಿಯನ್‌ಗೆ ತನ್ನದೇ ಸಂವಿಧಾನವಿದೆ, ವರ್ಷಕ್ಕೊಮ್ಮೆ ನಾಯಕನ ಚುನಾವಣೆ ನಡೆಯುತ್ತದೆ. ಮರ್ಡಾಕ್ 2015ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ದುಃಖವಿತ್ತು, ಕೆಲಸಕ್ಕೆ ತಡೆ ಬರಲಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜನಕ ಗಿಡೋ ವಾನ್ ರೋಸಮ್ 2018ರ ಜುಲೈನಲ್ಲಿ ನಿರ್ಣಾಯಕ ಸ್ಥಾನದಿಂದ ಕೆಳಗಿಳಿದಾಗ ಅಭಿವೃದ್ಧಿಕಾರರು ತಿಂಗಳುಗಟ್ಟಲೆ ಚರ್ಚಿಸಿ ಐವರ ಚುನಾಯಿತ ಮಂಡಳಿಯನ್ನು ರಚಿಸಿಕೊಂಡರು.

ವಿಮ್ ಎಂಬ ಪಠ್ಯ ಸಂಪಾದನೆಯ ತಂತ್ರಾಂಶದ ಸ್ಥಿತಿ ಬೇರೆ. 1991ರಿಂದ ಅದನ್ನು ಬಹುಪಾಲು ತಾವೇ ಬೆಳೆಸಿದ ಬ್ರಾಮ್ ಮೊಲೆನಾರ್ 2023ರ ಆಗಸ್ಟ್ 3ರಂದು ನಿಧನರಾದರು. ಹಳೆಯ ಸಹಯೋಗಿಗಳು ಕೂಡಲೇ ಹೊಣೆ ಹೊತ್ತುಕೊಂಡು, 2024ರ ಜನವರಿ 2ರಂದು ಹೊರತಂದ 9.1 ಆವೃತ್ತಿಯನ್ನು ಅವರಿಗೆ ಅರ್ಪಿಸಿದರು. ಮೊದಲ ಪತ್ರದ ತಂಡದವರಿಗೆ ಇಲ್ಲೊಂದು ಮಾತು: ಡೊಮೈನ್ ಯಾರ ಹೆಸರಿನಲ್ಲಿದೆ, ಅದರ ನವೀಕರಣ ಯಾವಾಗ, ಬಿಡುಗಡೆಗೆ ಸಹಿ ಹಾಕುವ ಕೀಲಿ ಯಾರ ಬಳಿ ಇದೆ, ಪಾಸ್‌ವರ್ಡ್‌ಗಳು ಕನಿಷ್ಠ ಇಬ್ಬರಿಗಾದರೂ ಗೊತ್ತೇ ಎಂಬುದನ್ನು ಈ ಹುಟ್ಟುಹಬ್ಬದ ವಾರದಲ್ಲೇ ಬರೆದಿಡಿ. ಇದನ್ನು ಕೇಳಲು ಎಲ್ಲರಿಗೂ ಸಂಕೋಚ. ಆಮೇಲೆ ಕೇಳಬೇಕಾಗಿ ಬಂದಾಗ ಉತ್ತರಿಸುವವರು ಇರುವುದಿಲ್ಲ.

ಪ್ರಶ್ನೆ: ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಹತ್ತು ವರ್ಷದಿಂದ ಬಳಸುತ್ತಿರುವ ಒಂದು ತಂತ್ರಾಂಶದ ವಾರ್ಷಿಕೋತ್ಸವ ಹತ್ತಿರ ಬಂದಿದೆ. ದೇಣಿಗೆ ಕೊಡುವಷ್ಟು ಅನುಕೂಲವೂ ಸದ್ಯಕ್ಕಿಲ್ಲ. ನಾನು ಏನು ಮಾಡಬಹುದು?

ಉತ್ತರ: ಒಂದು ಒಳ್ಳೆಯ ದೋಷ ವರದಿ ಬರೆಯಿರಿ. ಹತ್ತು ವರ್ಷ ಬಳಸಿದವರಿಗೆ ಅದರ ಒಂದಾದರೂ ಕೊಂಕು ಗೊತ್ತಿರಲೇಬೇಕು. ಬಹುಶಃ ಅದಕ್ಕೆ ಒಗ್ಗಿಹೋಗಿ, ಸುತ್ತು ದಾರಿ ಹಿಡಿದು ಕೆಲಸ ಮುಗಿಸುತ್ತಿರುತ್ತೀರಿ.

'ಕಡತ ಉಳಿಸಲು ಆಗುತ್ತಿಲ್ಲ, ದಯವಿಟ್ಟು ಸರಿಪಡಿಸಿ' ಎಂಬ ವರದಿ ಕೈಗೆ ಬಂದರೆ ನಿರ್ವಾಹಕರು ನಾಲ್ಕು ಪ್ರಶ್ನೆ ಮರಳಿ ಕೇಳಬೇಕು, ನೀವು ಉತ್ತರಿಸುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ. ಅದರ ಬದಲು ಹೀಗೆ ಬರೆದು ನೋಡಿ: 'ಇಂಥ ಆವೃತ್ತಿ, ಇಂಥ ಕಾರ್ಯಾಚರಣ ವ್ಯವಸ್ಥೆ. ಹೊಸ ಕಡತ ತೆರೆದೆ, ಒಂದು ಸಾಲು ಬರೆದೆ, ಹೆಸರಿನಲ್ಲಿ ಅಲ್ಪವಿರಾಮ ಚಿಹ್ನೆ ಹಾಕಿ ಉಳಿಸಿದೆ. ಉಳಿಯಿತೆಂಬ ಸಂದೇಶ ಬಂತು, ಆದರೆ ಫೋಲ್ಡರ್‌ನಲ್ಲಿ ಕಡತವಿಲ್ಲ. ಚಿಹ್ನೆಯಿಲ್ಲದ ಹೆಸರು ಕೊಟ್ಟರೆ ಸರಿಯಾಗಿ ಉಳಿಯುತ್ತದೆ. ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಹೀಗೆಯೇ.' ಇದನ್ನು ಓದಿದವರು ಕೂತಲ್ಲೇ ಅದನ್ನು ಮರುಕಳಿಸಿ ನೋಡಬಲ್ಲರು, ಅನೇಕ ಸಲ ಅದೇ ಸಂಜೆ ದೋಷದ ಮೂಲ ಸಿಕ್ಕಿರುತ್ತದೆ. ಕಳಿಸುವ ಮುಂಚೆ ಇದೇ ದೂರು ಈಗಾಗಲೇ ಇದೆಯೇ ಎಂದು ಹುಡುಕಿ. ಇದ್ದರೆ ಅಲ್ಲಿಯೇ ನಿಮ್ಮ ಆವೃತ್ತಿಯ ವಿವರ ಸೇರಿಸಿ.

ಹಳೆಯ ಯೋಜನೆಗಳಲ್ಲಿ ಇತ್ಯರ್ಥವಾಗದೆ ಉಳಿದ ವರದಿಗಳು ರಾಶಿ ಬಿದ್ದಿರುತ್ತವೆ. ಅವುಗಳಲ್ಲಿ ನಿಮಗೆ ಅರ್ಥವಾಗುವ ಹತ್ತನ್ನು ಆರಿಸಿಕೊಂಡು, ಈಗಿನ ಆವೃತ್ತಿಯಲ್ಲಿ ಪರೀಕ್ಷಿಸಿ, 'ಇನ್ನೂ ಇದೆ' ಅಥವಾ 'ಈಗಿಲ್ಲ' ಎಂದು ತಲಾ ಒಂದು ಸಾಲು ಬರೆದರೆ, ಆ ವರ್ಷ ಅವರಿಗೆ ಸಿಗುವ ಉಡುಗೊರೆಗಳಲ್ಲಿ ಅದು ಚಿಕ್ಕದೇನಲ್ಲ. ಬರೆಯುವಾಗ ಹುಟ್ಟುಹಬ್ಬದ ಶುಭಾಶಯವನ್ನೂ ಸೇರಿಸಿ. ದೂರುಗಳ ನಡುವೆ ಅಂಥದ್ದನ್ನು ಓದಲು ಅವರಿಗೆ ಸಿಗುವುದು ಅಪರೂಪ.